ಅತಿವೃಷ್ಟಿ, ಅನಾವೃಷ್ಟಿ ಮತ್ತು ವಾಯು ಪರಿಚಲನೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಾಯು ಪರಿಚಲನೆ ಅಂದರೆ ಗಾಳಿ ಬೀಸುವುದೇ ತಾನೆ? ಅದಕ್ಕೊಂದು ಬೇರೆ ಹೆಸರು ಯಾಕೆ?

ಗಾಳಿಯೇ ಹೌದು, ಆದರೆ ಕಿಟಕಿ ಬಡಿಯುವ ಗಾಳಿಯಲ್ಲ. ಸಾವಿರಾರು ಕಿ.ಮೀ. ಹರವಿನ, ನೆಲದಿಂದ ಸುಮಾರು 15 ಕಿ.ಮೀ. ಎತ್ತರದವರೆಗೆ ಚಾಚಿದ, ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತನ್ನ ಆಕಾರ ಉಳಿಸಿಕೊಳ್ಳುವ ಹರಿವಿಗೆ ಈ ಹೆಸರು. ಎಲ್ಲಿ ಗಾಳಿ ಮೇಲೇರಬೇಕು, ಎಲ್ಲಿ ಇಳಿಯಬೇಕು, ಯಾವ ಸಮುದ್ರದ ತೇವ ಎಲ್ಲಿ ಸುರಿಯಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಇದೇ.

ಮಳೆಗೆ ನೀರಾವಿ ಬೇಕು. ಹಾಗಂತ ನೀರಾವಿ ಇದ್ದಮಾತ್ರಕ್ಕೆ ಮಳೆಯಾಗುವುದಿಲ್ಲ. ಪರ್ಷಿಯನ್ ಕೊಲ್ಲಿಯ ದಂಡೆಯಲ್ಲಿ ಬೇಸಿಗೆಯ ಗಾಳಿ ಮೈಗೆ ಅಂಟುವಷ್ಟು ತೇವವಾಗಿರುತ್ತದೆ, ಮಳೆ ಮಾತ್ರ ಇಲ್ಲ. ಮೇಲಿನಿಂದ ಇಳಿಯುವ ಬಿಸಿ ಗಾಳಿ ಆ ತೇವದ ಮೇಲೆ ಮುಚ್ಚಳ ಹಾಕಿ ಕೂತಿರುತ್ತದೆ.

ಆಕಾಶದಲ್ಲಿ ಇರುವುದೇ ಅಷ್ಟು ನೀರು. ಒಂದೇ ದಿನದಲ್ಲಿ 300 ಮಿ.ಮೀ. ಎಲ್ಲಿಂದ ಬರುತ್ತದೆ?

ಕೇಳಲೇಬೇಕಾದ ಪ್ರಶ್ನೆ ಇದು. ನಿಮ್ಮ ತಲೆಯ ಮೇಲಿನ ಗಾಳಿಯಲ್ಲಿರುವ ಎಲ್ಲ ನೀರಾವಿಯನ್ನೂ ಹಿಂಡಿ ನೆಲಕ್ಕೆ ಸುರಿದರೆ, ಭೂಮಿಯ ಸರಾಸರಿ ಲೆಕ್ಕದಲ್ಲಿ ಸಿಗುವುದು ಸುಮಾರು 25 ಮಿ.ಮೀ. ಉಷ್ಣವಲಯದ ಮಳೆಗಾಲದಲ್ಲಿ 60 ಮಿ.ಮೀ. ಸಿಗಬಹುದು. ಅಂದರೆ 300 ಮಿ.ಮೀ. ಸುರಿಯಬೇಕಾದರೆ ಆ ಗಾಳಿಯ ಕಂಬ ಐದು ಸಲ ಪೂರ್ತಿ ಬರಿದಾಗಿ ಐದು ಸಲ ತುಂಬಬೇಕು. ತುಂಬುವ ಕೆಲಸ ಪರಿಚಲನೆಯದು.

ಲೆಕ್ಕ ಹೀಗೆ. 200 ಕಿ.ಮೀ. ಉದ್ದ, 200 ಕಿ.ಮೀ. ಅಗಲದ ಒಂದು ಚೌಕ ಇಟ್ಟುಕೊಳ್ಳಿ. ಒಂದು ಬದಿಯಿಂದ, ಆ ಬದಿಯ ಪ್ರತಿ ಮೀಟರ್ ಅಗಲಕ್ಕೆ ಸೆಕೆಂಡಿಗೆ 600 ಕೆ.ಜಿ. ನೀರಾವಿ ಒಳಗೆ ಬರುತ್ತಿದೆ, ಎದುರು ಬದಿಯಿಂದ 300 ಕೆ.ಜಿ. ಹೊರಗೆ ಹೋಗುತ್ತಿದೆ. ಉಳಿದ 300 ಕೆ.ಜಿ. ಚೌಕದೊಳಗೇ ಮಳೆಯಾಗಬೇಕು. 300ನ್ನು 2,00,000 ಮೀಟರಿನಿಂದ ಭಾಗಿಸಿದರೆ ಪ್ರತಿ ಚದರ ಮೀಟರಿಗೆ ಸೆಕೆಂಡಿಗೆ 0.0015 ಕೆ.ಜಿ. ಚದರ ಮೀಟರಿಗೆ ಒಂದು ಕೆ.ಜಿ. ನೀರೆಂದರೆ ಒಂದು ಮಿ.ಮೀ. ಮಳೆ. ದಿನದ 86,400 ಸೆಕೆಂಡಿನಿಂದ ಗುಣಿಸಿದರೆ ಸುಮಾರು 130 ಮಿ.ಮೀ. ಇದು ಇಡೀ ಚೌಕದ ಸರಾಸರಿ. ಅದೇ 300 ಕೆ.ಜಿ. ವ್ಯತ್ಯಾಸ 100 ಕಿ.ಮೀ. ದೂರದೊಳಗೇ ಆಗಿಬಿಟ್ಟರೆ? 260 ಮಿ.ಮೀ. ನೀರಾವಿ ಒಂದು ಹನಿಯೂ ಹೆಚ್ಚಾಗಲಿಲ್ಲ. ಗಾಳಿ ಒಟ್ಟುಗೂಡುವ ಜಾಗ ಇಕ್ಕಟ್ಟಾಯಿತು, ಅಷ್ಟೆ. ಬೆಟ್ಟದ ಸಾಲಿಗೆ ಗಾಳಿ ನೇರವಾಗಿ ಬಡಿದಾಗ ಮಳೆ ಯಾಕೆ ಆ ಪರಿ ಸುರಿಯುತ್ತದೆ ಎಂಬುದಕ್ಕೂ ಇದೇ ಉತ್ತರ.

ಹಾಗಾದರೆ ಬರಗಾಲಕ್ಕೆ ಕಾರಣ ನೀರಾವಿಯ ಕೊರತೆಯೇ?

ಹೆಚ್ಚಿನ ಸಲ ಅಲ್ಲ. ಮೊದಲ ಕಾರಣ ಇಳಿಯುವ ಗಾಳಿ. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಪ್ರತಿ ಕಿ.ಮೀ.ಗೆ ಸುಮಾರು 9.8 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ. ಐದೂವರೆ ಕಿ.ಮೀ. ಎತ್ತರದಲ್ಲಿ ಮೈನಸ್ 8 ಡಿಗ್ರಿಯಲ್ಲಿ ತೇವದಿಂದ ತುಂಬಿದ ಗಾಳಿ 3 ಕಿ.ಮೀ. ಇಳಿದರೆ 21 ಡಿಗ್ರಿಗೆ ಬರುತ್ತದೆ. ಅದರೊಳಗಿನ ನೀರಾವಿ ಅಷ್ಟೇ ಇದೆ, ಹಿಡಿದಿಡುವ ಸಾಮರ್ಥ್ಯ ಮಾತ್ರ ಐದು ಪಟ್ಟಿಗಿಂತ ಹೆಚ್ಚಾಗಿದೆ. ಶೇ. 100 ಇದ್ದ ಸಾಪೇಕ್ಷ ಆರ್ದ್ರತೆ ಶೇ. 20ಕ್ಕೂ ಕೆಳಗೆ ಬೀಳುತ್ತದೆ. ವಾಸ್ತವದಲ್ಲಿ ಗಾಳಿ ನಿಧಾನವಾಗಿ ಇಳಿಯುತ್ತಾ ಶಾಖ ಕಳೆದುಕೊಳ್ಳುವುದರಿಂದ ಅಂಕಿಗಳು ಇಷ್ಟು ತೀಕ್ಷ್ಣವಾಗಿರುವುದಿಲ್ಲ, ಆದರೆ ದಿಕ್ಕು ಇದೇ. ಮೋಡ ಕರಗುತ್ತದೆ, ಬಿಸಿಲು ನೆಲಕ್ಕೆ ನೇರ ಬೀಳುತ್ತದೆ, ಮಣ್ಣು ಒಣಗುತ್ತದೆ.

ಸಹಾರಾ, ಆಸ್ಟ್ರೇಲಿಯಾದ ಒಳನಾಡು, ಕಲಹಾರಿ ಇವೆಲ್ಲ ಸುಮಾರು 20ರಿಂದ 30 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಇರುವುದು ಆಕಸ್ಮಿಕವಲ್ಲ. ಸಮಭಾಜಕದ ಬಳಿ ಮೇಲೇರಿದ ಗಾಳಿ ಅಲ್ಲಿಗೆ ಬಂದು ಇಳಿಯುತ್ತದೆ. ಇದನ್ನೇ ಹ್ಯಾಡ್ಲಿ ಕೋಶ ಎನ್ನುವುದು. ಗಾಳಿ ಇಳಿಯುವ ಎಂದಿನ ಜಾಗ ಕೆಲವು ಡಿಗ್ರಿ ಸರಿದು, ಮಳೆ ಬೀಳಬೇಕಾದ ನೆಲದ ಮೇಲೆ ಒಂದು ಋತುವಿಡೀ ಕೂತರೆ ಅಲ್ಲಿ ಬರ. 2015ರಿಂದ 2017ರವರೆಗೆ ಮಳೆಯಿಲ್ಲದೆ ಕೇಪ್ ಟೌನ್ ನಗರದ ನಲ್ಲಿಗಳು ನಿಲ್ಲುವ ಹಂತಕ್ಕೆ ಬಂದಾಗ ಆದದ್ದು ಹೆಚ್ಚುಕಡಿಮೆ ಇದೇ. ಚಳಿಗಾಲದ ಮಳೆ ತರುವ ಪಶ್ಚಿಮ ಮಾರುತಗಳು ದಕ್ಷಿಣ ಧ್ರುವದ ಕಡೆಗೆ ಸರಿದುಕೊಂಡಿದ್ದವು.

ಒಂದು ಕಡೆ ನೆರೆ, ಇನ್ನೊಂದು ಕಡೆ ಬರ ಒಟ್ಟೊಟ್ಟಿಗೆ ಯಾಕೆ ಬರುತ್ತವೆ?

ಏಕೆಂದರೆ ಅವು ಒಂದೇ ಅಲೆಯ ಎರಡು ಮಗ್ಗುಲು. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಓಡುವ ವೇಗದ ಗಾಳಿಯ ಹೊಳೆ ಜೆಟ್ ಸ್ಟ್ರೀಮ್. ಅದು ನೇರ ಹರಿಯುವುದಿಲ್ಲ, ಹಾವಿನಂತೆ ಬಳುಕುತ್ತದೆ. ಈ ಬಳುಕಿಗೆ ರಾಸ್‌ಬಿ ಅಲೆ ಎಂದು ಹೆಸರು. ಧ್ರುವದ ಕಡೆಗೆ ಉಬ್ಬಿದ ಭಾಗ ರಿಡ್ಜ್, ಸಮಭಾಜಕದ ಕಡೆಗೆ ತಗ್ಗಿದ ಭಾಗ ಟ್ರಫ್. ಟ್ರಫ್‌ನ ಪೂರ್ವ ಮಗ್ಗುಲಲ್ಲಿ ಗಾಳಿ ಮೇಲೇರುತ್ತದೆ, ಪಶ್ಚಿಮ ಮಗ್ಗುಲಲ್ಲಿ ಇಳಿಯುತ್ತದೆ. ಉತ್ತರಾರ್ಧ ಗೋಳವಾಗಲಿ ದಕ್ಷಿಣಾರ್ಧವಾಗಲಿ, ಈ ನಿಯಮ ಬದಲಾಗುವುದಿಲ್ಲ.

ಅಲೆ ಚಲಿಸುತ್ತಿದ್ದರೆ ತೊಂದರೆಯಿಲ್ಲ. ಎರಡು ದಿನ ಮಳೆ, ಮೂರು ದಿನ ಬಿಸಿಲು. ನಿಂತರೆ ಕಷ್ಟ. 2010ರ ಜುಲೈ-ಆಗಸ್ಟ್‌ನಲ್ಲಿ ಪಶ್ಚಿಮ ರಷ್ಯಾದ ಮೇಲೆ ಒಂದು ದೊಡ್ಡ ರಿಡ್ಜ್ ವಾರಗಟ್ಟಲೆ ಬೀಡುಬಿಟ್ಟಿತು. ಮಾಸ್ಕೋದಲ್ಲಿ 38.2 ಡಿಗ್ರಿ ದಾಖಲಾಯಿತು, ಕಾಡುಗಳು ಹೊತ್ತಿದವು, ಗೋಧಿ ಒಣಗಿತು. ಅದೇ ಹೊತ್ತಿಗೆ ಆ ರಿಡ್ಜ್‌ನ ಪೂರ್ವಕ್ಕಿದ್ದ ಟ್ರಫ್ ಪಾಕಿಸ್ತಾನದ ಉತ್ತರದವರೆಗೆ ಇಳಿದು, ಅಲ್ಲಿಗೆ ತಲುಪಿದ್ದ ಮುಂಗಾರಿನ ತೇವವನ್ನು ಮೇಲೆತ್ತಿತು. ಸಿಂಧೂ ಕಣಿವೆಯ ಆ ವರ್ಷದ ಮಹಾನೆರೆ ಶುರುವಾದದ್ದು ಹಾಗೆ. ಸುದ್ದಿಯಲ್ಲಿ ಇವು ಎರಡು ದೇಶಗಳ ಎರಡು ದುರಂತ. ನಕ್ಷೆಯಲ್ಲಿ ನೋಡಿದರೆ ಒಂದೇ ಗೆರೆ.

ಬ್ಲಾಕಿಂಗ್ ಅಂದರೇನು? ನಕ್ಷೆಯಲ್ಲಿ ಗುರುತಿಸುವುದು ಹೇಗೆ?

ಜೆಟ್‌ನ ದಾರಿಗೆ ಅಡ್ಡಲಾಗಿ ಅಧಿಕ ಒತ್ತಡದ ಗುಡ್ಡೆಯೊಂದು ಐದಾರು ದಿನಕ್ಕೂ ಹೆಚ್ಚು ಕಾಲ ಕದಲದೆ ಕೂತರೆ ಅದು ಬ್ಲಾಕಿಂಗ್. ನೋಡಬೇಕಾದದ್ದು ನೆಲಮಟ್ಟದ ನಕ್ಷೆಯನ್ನಲ್ಲ, 500 ಹೆಕ್ಟೋಪ್ಯಾಸ್ಕಲ್ (ಗಾಳಿಯ ಒತ್ತಡದ ಮಾನ) ಮಟ್ಟದ ಎತ್ತರದ ನಕ್ಷೆಯನ್ನು. ಅದು ಸರಿಸುಮಾರು ಐದೂವರೆ ಕಿ.ಮೀ. ಮೇಲೆ ಇರುತ್ತದೆ, ವಾತಾವರಣದ ತೂಕದ ಅರ್ಧ ಅದರ ಕೆಳಗೆ, ಅರ್ಧ ಮೇಲೆ.

ಎರಡು ಆಕಾರ ಮುಖ್ಯ. ಗ್ರೀಕ್ ಅಕ್ಷರ ಒಮೆಗಾದಂತೆ ನಡುವೆ ರಿಡ್ಜ್, ಎಡಬಲಕ್ಕೆ ಎರಡು ಕಡಿಮೆ ಒತ್ತಡದ ಸುಳಿ ಇದ್ದರೆ ಒಮೆಗಾ ಬ್ಲಾಕ್. ಉತ್ತರಾರ್ಧ ಗೋಳದಲ್ಲಿ ಉತ್ತರಕ್ಕೆ ಅಧಿಕ ಒತ್ತಡ, ಅದರ ದಕ್ಷಿಣಕ್ಕೆ ಕಡಿಮೆ ಒತ್ತಡ ಜೋಡಿಯಾಗಿ ನಿಂತರೆ ರೆಕ್ಸ್ ಬ್ಲಾಕ್. ನಡುವಿನವರು ಬಿಸಿಲಿನಲ್ಲಿ ಬೇಯುತ್ತಾರೆ, ಅಂಚಿನವರು ನೀರಿನಲ್ಲಿ ಮುಳುಗುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಯುರೋಪಿನ ಮೇಲೆ ಒಮೆಗಾ ಬ್ಲಾಕ್ ಇದ್ದಾಗ ಅದರ ಅಂಚಿನಲ್ಲಿ ಹುಟ್ಟಿದ ಡೇನಿಯಲ್ ಚಂಡಮಾರುತ ಮೊದಲು ಗ್ರೀಸನ್ನು ತೋಯಿಸಿ, ಆಮೇಲೆ ಮೆಡಿಟರೇನಿಯನ್ ದಾಟಿ ಲಿಬಿಯಾಕ್ಕೆ ಬಂತು. ಅಲ್ ಬೈದಾ ಊರಿನಲ್ಲಿ 24 ಗಂಟೆಯಲ್ಲಿ 414 ಮಿ.ಮೀ. ಸುರಿಯಿತು. ಡೆರ್ನಾ ನಗರದ ಮೇಲ್ಭಾಗದ ಎರಡು ಅಣೆಕಟ್ಟುಗಳು ಒಡೆದವು.

ಹೊಸಬರು ಮಾಡುವ ತಪ್ಪು: ನಕ್ಷೆಯಲ್ಲಿ ದೊಡ್ಡ ರಿಡ್ಜ್ ಕಂಡ ಕೂಡಲೇ ಬ್ಲಾಕಿಂಗ್ ಎನ್ನುವುದು. ಮೂರು ದಿನದ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ರಿಡ್ಜ್‌ನ ಶಿಖರ ದಿನಕ್ಕೆ ಹತ್ತಾರು ರೇಖಾಂಶ ಸರಿಯುತ್ತಿದ್ದರೆ ಅದು ಬರಿಯ ಹಾದುಹೋಗುವ ಅಲೆ.

ಕಟ್-ಆಫ್ ಲೋ ಹೆಸರು ಈಚೆಗೆ ಜಾಸ್ತಿ ಕೇಳಿಬರುತ್ತಿದೆ. ಅದು ಯಾಕಷ್ಟು ಅಪಾಯಕಾರಿ?

ಹೊಳೆಯ ತಿರುವು ಕಡಿದುಹೋಗಿ ಕುದುರೆಲಾಳದ ಕೆರೆಯಾಗುವುದನ್ನು ಭೂಗೋಳದಲ್ಲಿ ಓದಿರುತ್ತೀರಿ. ಇದೂ ಹಾಗೆಯೇ. ಟ್ರಫ್ ತೀರಾ ಆಳಕ್ಕೆ ಇಳಿದು ಜೆಟ್‌ನಿಂದ ಕಡಿದುಹೋಗಿ, ಮೇಲ್ಮಟ್ಟದಲ್ಲಿ ತಣ್ಣನೆಯ ಗಾಳಿಯ ಒಂಟಿ ಸುಳಿಯಾಗಿ ಉಳಿಯುತ್ತದೆ. ತಳ್ಳುವ ಜೆಟ್ ಇಲ್ಲದ್ದರಿಂದ ಇದ್ದಲ್ಲೇ ತಿರುಗುತ್ತದೆ. ಮೇಲೆ ತಂಪು, ಕೆಳಗೆ ಬೆಚ್ಚಗಿನ ಸಮುದ್ರದಿಂದ ಬರುವ ತೇವ. ಮೋಡ ಕಟ್ಟಲು ಇನ್ನೇನು ಬೇಕು?

2021ರ ಜುಲೈ ಮಧ್ಯದಲ್ಲಿ ಜರ್ಮನಿಯ ಆರ್ ಕಣಿವೆ ಮತ್ತು ಬೆಲ್ಜಿಯಂನ ನೆರೆಯ ಹಿಂದೆ ಇದ್ದದ್ದು ಇಂಥದ್ದೇ ಸುಳಿ. 2024ರ ಅಕ್ಟೋಬರ್ 29ರಂದು ಸ್ಪೇನ್‌ನ ವಲೆನ್ಸಿಯಾ ಪ್ರಾಂತ್ಯದಲ್ಲೂ ಅದೇ. ಅಲ್ಲಿಯ ತುರೀಸ್ ಊರಿನಲ್ಲಿ ಒಂದೇ ಗಂಟೆಯಲ್ಲಿ 184.6 ಮಿ.ಮೀ., ಇಡೀ ದಿನಕ್ಕೆ 771.8 ಮಿ.ಮೀ. ಬಿತ್ತು. ಆ ಸುಳಿಯನ್ನು ಸ್ಪೇನಿನವರು ಡಾನಾ ಎನ್ನುತ್ತಾರೆ.

ಮುನ್ಸೂಚನೆಯಲ್ಲಿ ಎಡವುವುದು ಜಾಗದ ವಿಷಯದಲ್ಲಿ. ಸುಳಿ ರೂಪುಗೊಳ್ಳುತ್ತದೆ ಎಂದು ಹವಾಮಾನದ ಕಂಪ್ಯೂಟರ್ ಮಾದರಿಗಳು ನಾಲ್ಕೈದು ದಿನ ಮೊದಲೇ ಹೇಳಬಲ್ಲವು. ಕೇಂದ್ರ 150 ಕಿ.ಮೀ. ಅತ್ತಿತ್ತ ಆದರೆ ಮಾತ್ರ ನೆರೆ ಬರುವ ಕಣಿವೆಯೇ ಬದಲಾಗಿಬಿಡುತ್ತದೆ.

ವಾತಾವರಣದ ನದಿ ಎಂದರೆ ಅಲಂಕಾರದ ಮಾತೇ?

ಅಲ್ಲ, ಅಳತೆಯಿರುವ ಮಾತು. ಸಾಮಾನ್ಯವಾಗಿ 2,000 ಕಿ.ಮೀ.ಗಿಂತ ಉದ್ದ, ಕೆಲವು ನೂರು ಕಿ.ಮೀ. ಅಗಲದ, ನೀರಾವಿ ದಟ್ಟವಾಗಿ ಹರಿಯುವ ಪಟ್ಟಿ. ಅಳೆಯುವುದು ಐವಿಟಿ ಎಂಬ ಮಾನದಿಂದ: ನೆಲದಿಂದ ಮೇಲಿನವರೆಗಿನ ಗಾಳಿಯ ಕಂಬದಲ್ಲಿ, ಅಗಲದ ಪ್ರತಿ ಮೀಟರಿಗೆ ಸೆಕೆಂಡಿಗೆ ಎಷ್ಟು ಕೆ.ಜಿ. ನೀರಾವಿ ಹಾದುಹೋಗುತ್ತಿದೆ ಎಂಬ ಲೆಕ್ಕ. ಮೇಲೆ ಚೌಕದ ಲೆಕ್ಕದಲ್ಲಿ ಬಳಸಿದ್ದೂ ಅದನ್ನೇ.

250 ದಾಟಿದರೆ ನದಿ ಎಂದು ಎಣಿಕೆ. 2019ರಲ್ಲಿ ರೂಪಿಸಿದ ಮಾಪಕದಲ್ಲಿ ಒಂದರಿಂದ ಐದರವರೆಗೆ ವರ್ಗಗಳಿವೆ. 250-500 ಮೊದಲ ವರ್ಗ, ಆಮೇಲೆ ಪ್ರತಿ 250ಕ್ಕೆ ಒಂದೊಂದು ಮೆಟ್ಟಿಲು, 1,250 ದಾಟಿದರೆ ಐದನೆಯದು. ಇದರಲ್ಲಿ ಮೆಚ್ಚಬೇಕಾದ ಅಂಶ ಒಂದಿದೆ: ನದಿ ಒಂದು ಜಾಗದ ಮೇಲೆ 24 ಗಂಟೆಗಿಂತ ಕಡಿಮೆ ಇದ್ದರೆ ಒಂದು ವರ್ಗ ಇಳಿಸುತ್ತಾರೆ, 48 ಗಂಟೆ ಮೀರಿದರೆ ಒಂದು ಏರಿಸುತ್ತಾರೆ. ತೀವ್ರತೆಯಷ್ಟೇ ತೂಕ ಅವಧಿಗೂ ಕೊಟ್ಟ ಮಾಪಕಗಳು ಅಪರೂಪ. ಮೊದಲೆರಡು ವರ್ಗದ ನದಿಗಳು ಹೆಚ್ಚಾಗಿ ಉಪಕಾರಿ. ಕ್ಯಾಲಿಫೋರ್ನಿಯಾದ ವರ್ಷದ ಮಳೆಯ ಶೇ. 30ರಿಂದ 50 ಬರುವುದು ಇಂಥ ಕೆಲವೇ ನದಿಗಳಿಂದ. ಅವು ಎರಡು-ಮೂರು ಕಡಿಮೆ ಬಂದ ವರ್ಷ ಅಲ್ಲಿ ಬರ ಎಂದೇ ಲೆಕ್ಕ.

ಚಂಡಮಾರುತದ ಗಾಳಿ ಜೋರಿದ್ದಷ್ಟೂ ಮಳೆ ಜಾಸ್ತಿಯೇ?

ಇಲ್ಲ. ಗಾಳಿಯ ವರ್ಗ ನೋಡಿ ಮಳೆ ಅಂದಾಜಿಸುವುದು ತಪ್ಪು ಅಭ್ಯಾಸ. ಮಳೆಯ ಮೊತ್ತವನ್ನು ನಿರ್ಧರಿಸುವುದು ಚಂಡಮಾರುತ ಎಷ್ಟು ನಿಧಾನ ಸಾಗುತ್ತದೆ ಎಂಬುದು, ಮತ್ತು ಆ ವೇಗ ಸುತ್ತಲಿನ ದೊಡ್ಡ ಹರಿವಿನ ಕೈಯಲ್ಲಿದೆ. 2017ರ ಆಗಸ್ಟ್‌ನಲ್ಲಿ ಟೆಕ್ಸಸ್ ಕರಾವಳಿಗೆ ಬಂದ ಹಾರ್ವೆಯನ್ನು ಮುಂದಕ್ಕೆ ತಳ್ಳುವ ಗಾಳಿ ಇರಲಿಲ್ಲ, ಅಧಿಕ ಒತ್ತಡದ ಪ್ರದೇಶಗಳ ನಡುವೆ ಸಿಕ್ಕಿ ದಿನಗಟ್ಟಲೆ ಅಲ್ಲೇ ಸುತ್ತಿತು. ಭೂಮಿಗೆ ಬಂದ ಮೇಲೆ ಅದರ ಗಾಳಿ ಸೊರಗಿತು, ಮಳೆ ಸೊರಗಲಿಲ್ಲ. ನೆಡರ್ಲೆಂಡ್ ಎಂಬ ಊರಿನಲ್ಲಿ ಒಟ್ಟು 1,539 ಮಿ.ಮೀ. ದಾಖಲಾಯಿತು.

ಮುಂಗಾರು ನಡುವೆ ಕೈಕೊಡುವುದು ಯಾಕೆ?

ಭಾರತದ ಮುಂಗಾರಿನ ಬೆನ್ನೆಲುಬು ಉತ್ತರದ ಬಯಲಿನ ಮೇಲೆ ವಾಯುವ್ಯದಿಂದ ಬಂಗಾಳ ಕೊಲ್ಲಿಯವರೆಗೆ ಚಾಚಿದ ಕಡಿಮೆ ಒತ್ತಡದ ಪಟ್ಟಿ, ಮುಂಗಾರು ಟ್ರಫ್. ಅದು ತನ್ನ ಎಂದಿನ ಜಾಗದಲ್ಲಿ ಅಥವಾ ಸ್ವಲ್ಪ ದಕ್ಷಿಣಕ್ಕಿದ್ದರೆ ಮಧ್ಯ ಭಾರತದಲ್ಲಿ ಒಳ್ಳೆಯ ಮಳೆ. ಹಿಮಾಲಯದ ತಪ್ಪಲಿಗೆ ಸರಿದರೆ ಮಧ್ಯ ಭಾರತ ಒಣಗುತ್ತದೆ, ತಪ್ಪಲಿನಲ್ಲಿ ಭಾರೀ ಮಳೆಯಾಗುತ್ತದೆ, ಆಗ್ನೇಯ ಪರ್ಯಾಯ ದ್ವೀಪದಲ್ಲೂ ಮಳೆ ಹೆಚ್ಚುತ್ತದೆ. ಇದೇ ಮುಂಗಾರಿನ ವಿರಾಮ. ಮಧ್ಯ ಭಾರತದ ದಿನದ ಮಳೆಯನ್ನು ಸರಾಸರಿ ಮತ್ತು ಪ್ರಮಾಣಿತ ವಿಚಲನೆಯಿಂದ (ಸರಾಸರಿಯಿಂದ ಮಳೆ ಸಾಮಾನ್ಯವಾಗಿ ಎಷ್ಟು ಅತ್ತಿತ್ತ ಆಗುತ್ತದೆ ಎಂಬ ಅಳತೆ) ಅಳೆದು, ಜುಲೈ-ಆಗಸ್ಟ್‌ನಲ್ಲಿ ಸತತ ಮೂರು ದಿನ ಮೈನಸ್ 1ಕ್ಕಿಂತ ಕೆಳಗಿದ್ದರೆ ವಿರಾಮ, ಪ್ಲಸ್ 1ಕ್ಕಿಂತ ಮೇಲಿದ್ದರೆ ಸಕ್ರಿಯ ಅವಧಿ ಎಂದು ಎಣಿಸುವುದು ರೂಢಿ.

ಸಕ್ರಿಯ ಅವಧಿಯ ಭಾರೀ ಮಳೆಯನ್ನು ತರುವುದು ಬಂಗಾಳ ಕೊಲ್ಲಿಯಲ್ಲಿ ಹುಟ್ಟಿ ಪಶ್ಚಿಮ-ವಾಯುವ್ಯಕ್ಕೆ ಸಾಗುವ ವಾಯುಭಾರ ಕುಸಿತಗಳು. ಅವುಗಳ ಮಳೆ ಸುತ್ತಲೂ ಸಮನಾಗಿ ಬೀಳುವುದಿಲ್ಲ, ನೈಋತ್ಯದ ಕಾಲುಭಾಗದಲ್ಲೇ ಅತಿ ಹೆಚ್ಚು. ನಕ್ಷೆಯಲ್ಲಿ ಕುಸಿತದ ಕೇಂದ್ರದ ಮೇಲೆ ಬೆರಳಿಟ್ಟು ಇಲ್ಲೇ ನೆರೆ ಎನ್ನುವವರು ತಪ್ಪುವುದು ಇಲ್ಲಿ.

ಎಲ್ ನಿನೊ ಬಂದರೆ ಬರ ಖಚಿತವೇ?

ಖಚಿತವಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ ಆಗುವಷ್ಟು ಗೊಂದಲ ಬೇರೆ ಯಾವುದರಿಂದಲೂ ಆಗುವುದಿಲ್ಲ.

ಮೊದಲು ಅದು ನಡೆಯುವ ಬಗೆ ನೋಡೋಣ. ಎಂದಿನ ದಿನಗಳಲ್ಲಿ ಪೆಸಿಫಿಕ್‌ನ ಪಶ್ಚಿಮ ತುದಿ, ಅಂದರೆ ಇಂಡೋನೇಷ್ಯಾದ ಕಡೆ ಬೆಚ್ಚಗೆ, ಪೆರು ಕಡೆ ತಂಪು. ಗಾಳಿ ಪಶ್ಚಿಮದಲ್ಲಿ ಏರಿ ಪೂರ್ವದಲ್ಲಿ ಇಳಿಯುತ್ತದೆ. ಇದು ವಾಕರ್ ಪರಿಚಲನೆ. ಎಲ್ ನಿನೊದಲ್ಲಿ ಬೆಚ್ಚಗಿನ ನೀರು ಪೂರ್ವಕ್ಕೆ ಹರಡಿ, ಗಾಳಿ ಏರುವ ಜಾಗವೂ ಪೂರ್ವಕ್ಕೆ ಜರುಗುತ್ತದೆ. ಪೆರು, ಈಕ್ವೆಡಾರ್ ಕರಾವಳಿಗೆ ನೆರೆ. ಇಂಡೋನೇಷ್ಯಾ, ಪೂರ್ವ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದ ಕಡೆ ಇಳಿಗಾಳಿ. ಅಳೆಯುವ ಜಾಗ ನಿನೊ 3.4: ಸಮಭಾಜಕದ ಆಚೀಚೆ 5 ಡಿಗ್ರಿ, ಪಶ್ಚಿಮ ರೇಖಾಂಶ 120ರಿಂದ 170. ಅಲ್ಲಿಯ ನೀರು ಸರಾಸರಿಗಿಂತ 0.5 ಡಿಗ್ರಿ ಮೇಲಿರುವುದು ಅಮೆರಿಕದ ಸಂಸ್ಥೆಗಳು ಬಳಸುವ ಗಡಿ.

ಈಗ ಪರಿಣಾಮ. 1997ರ ಎಲ್ ನಿನೊ ಶತಮಾನದ ಪ್ರಬಲವಾದವುಗಳಲ್ಲಿ ಒಂದು. ಆ ವರ್ಷ ಭಾರತದ ಮುಂಗಾರು ವಾಡಿಕೆಯ ಶೇ. 102. 2002ರದ್ದು ಮಧ್ಯಮ ಬಲದ ಎಲ್ ನಿನೊ. ಮುಂಗಾರು ಶೇ. 81ಕ್ಕೆ ಕುಸಿಯಿತು, ಜುಲೈ ತಿಂಗಳಲ್ಲಿ ವಾಡಿಕೆಯ ಅರ್ಧದಷ್ಟೂ ಸರಿಯಾಗಿ ಬರಲಿಲ್ಲ. ಬೆಚ್ಚಗಿನ ನೀರು ಪೆಸಿಫಿಕ್‌ನ ಪೂರ್ವ ತುದಿಯಲ್ಲಿತ್ತೋ ನಡುವಿನಲ್ಲಿತ್ತೋ ಎಂಬುದರ ಮೇಲೆ ಇಳಿಗಾಳಿ ಎಲ್ಲಿ ಬೀಳುತ್ತದೆ ಎಂಬುದು ಬದಲಾಗುತ್ತದೆ. ಜೊತೆಗೆ 1997ರಲ್ಲಿ ಹಿಂದೂ ಮಹಾಸಾಗರ ತನ್ನದೇ ಆಟ ಆಡಿತ್ತು.

ಹಾಗಾಗಿ ಎಲ್ ನಿನೊವನ್ನು ತೀರ್ಪು ಎಂದು ಓದಬೇಡಿ. ಅದು ದಾಳದ ಒಂದು ಮುಖವನ್ನು ಭಾರ ಮಾಡುತ್ತದೆ, ಅಷ್ಟೆ.

ಹಿಂದೂ ಮಹಾಸಾಗರದ ಆ ಆಟ ಯಾವುದು?

ಐಒಡಿ, ಅಂದರೆ ಹಿಂದೂ ಮಹಾಸಾಗರದ ದ್ವಿಧ್ರುವ. ಆಫ್ರಿಕಾದ ಕಡೆಯ ನೀರು ಬೆಚ್ಚಗೆ, ಸುಮಾತ್ರಾದ ಕಡೆಯದು ತಂಪಾದರೆ ಧನಾತ್ಮಕ ಹಂತ. ತಿರುಗುಮುರುಗಾದರೆ ಋಣಾತ್ಮಕ. 2019ರ ಕೊನೆಯಲ್ಲಿ ಪ್ರಬಲ ಧನಾತ್ಮಕ ಹಂತವಿತ್ತು. ಪೂರ್ವ ಆಫ್ರಿಕಾದಲ್ಲಿ ನೆರೆ, ಆಸ್ಟ್ರೇಲಿಯಾದಲ್ಲಿ ಬರ ಮತ್ತು ಕಾಡ್ಗಿಚ್ಚು. ಮರುವರ್ಷದಿಂದಲೇ ಚಿತ್ರ ಬದಲಾಯಿತು. 2020ರಿಂದ 2023ರ ಆರಂಭದವರೆಗೆ ಸತತ ಮೂರು ಚಳಿಗಾಲ ಎಲ್ ನಿನೊಗೆ ತದ್ವಿರುದ್ಧವಾದ ಲಾ ನಿನಾ ಇತ್ತು, ಆಫ್ರಿಕಾದ ಕೊಂಬಿನಲ್ಲಿ (ಸೊಮಾಲಿಯಾ, ಇಥಿಯೋಪಿಯಾ ಇರುವ ಪೂರ್ವ ತುದಿ) ಸತತ ಐದು ಮಳೆಗಾಲ ಸೋತವು. ಅದೇ ನೆಲ, ಒಂದೇ ವರ್ಷದ ಅಂತರ.

ಮ್ಯಾಡನ್-ಜೂಲಿಯನ್ ಆಂದೋಲನ ಎಂದು ಹವಾಮಾನ ವರದಿಗಳಲ್ಲಿ ಬರುತ್ತದಲ್ಲ, ಅದೇನು?

ಸಮಭಾಜಕದ ಉದ್ದಕ್ಕೂ ಪೂರ್ವಕ್ಕೆ ತೆವಳುವ ಮೋಡಗಳ ದೊಡ್ಡ ಹಿಂಡು, ಅದರ ಹಿಂದೆ ಮುಂದೆ ಒಣ ಪಟ್ಟಿ. ವೇಗ ಸೆಕೆಂಡಿಗೆ ಸುಮಾರು 5 ಮೀಟರ್, ಅಂದರೆ ದಿನಕ್ಕೆ ನಾನೂರು ಕಿ.ಮೀ. ಆಸುಪಾಸು. ಒಂದು ಸುತ್ತಿಗೆ 30ರಿಂದ 60 ದಿನ. ಮ್ಯಾಡನ್ ಮತ್ತು ಜೂಲಿಯನ್ ಇದನ್ನು 1971ರಲ್ಲಿ ಗುರುತಿಸಿದರು. ವರದಿಯಲ್ಲಿ ಒಂದರಿಂದ ಎಂಟರವರೆಗಿನ ಹಂತ ಮತ್ತು ಒಂದು ಬಲದ ಅಂಕಿ ಇರುತ್ತದೆ. ಬಲ 1ಕ್ಕಿಂತ ಕಡಿಮೆಯಿದ್ದರೆ ಹಂತದ ಸಂಖ್ಯೆಯನ್ನು ನಂಬಿಕೊಳ್ಳಬೇಡಿ, ಆಗ ಅದು ಬರಿಯ ಗದ್ದಲ. 2 ಮತ್ತು 3ನೇ ಹಂತದಲ್ಲಿ ಮೋಡಗಳು ಹಿಂದೂ ಮಹಾಸಾಗರದ ಮೇಲಿರುತ್ತವೆ, 6 ಮತ್ತು 7ರಲ್ಲಿ ಪಶ್ಚಿಮ ಪೆಸಿಫಿಕ್ ಮೇಲೆ.

ಉತ್ತರ ಅಟ್ಲಾಂಟಿಕ್ ಆಂದೋಲನ?

ಅಜೋರ್ಸ್ ದ್ವೀಪಗಳ ಬಳಿಯ ಅಧಿಕ ಒತ್ತಡಕ್ಕೂ ಐಸ್‌ಲ್ಯಾಂಡ್ ಬಳಿಯ ಕಡಿಮೆ ಒತ್ತಡಕ್ಕೂ ಇರುವ ವ್ಯತ್ಯಾಸ. ಚಳಿಗಾಲದಲ್ಲಿ ಹೆಚ್ಚಾದರೆ ಉತ್ತರ ಯುರೋಪಿಗೆ ಮಳೆ, ಮೆಡಿಟರೇನಿಯನ್‌ಗೆ ಒಣಹವೆ. ಕಡಿಮೆಯಾದರೆ ತದ್ವಿರುದ್ಧ.

ನೆರೆ ಒಂದು ದಿನದಲ್ಲಿ ಬರುತ್ತದೆ, ಬರ ಯಾಕೆ ತಿಂಗಳು ತೆಗೆದುಕೊಳ್ಳುತ್ತದೆ?

ಮಳೆ ಸುರಿಸಲು ಹಲವು ಅಂಶಗಳು ಒಂದೇ ಹೊತ್ತಿಗೆ ಕೂಡಿಬರಬೇಕು: ತೇವ, ಮೇಲೇರಿಕೆ, ಅಸ್ಥಿರತೆ (ಒಮ್ಮೆ ಏರಿದ ಗಾಳಿ ತಾನಾಗಿ ಏರುತ್ತಲೇ ಹೋಗುವ ಸ್ಥಿತಿ). ಕೂಡಿಬಂದರೆ ಗಂಟೆಗಳಲ್ಲಿ ಕೆಲಸ ಮುಗಿಯುತ್ತದೆ. ಬರಕ್ಕೆ ಇವುಗಳಲ್ಲಿ ಒಂದು ಕೈಕೊಟ್ಟರೆ ಸಾಕು, ಆದರೆ ಅದು ಮತ್ತೆ ಮತ್ತೆ ಕೈಕೊಡುತ್ತಲೇ ಇರಬೇಕು. ಮಣ್ಣಿನಲ್ಲಿ, ಕೆರೆಯಲ್ಲಿ, ಅಂತರ್ಜಲದಲ್ಲಿ ಇರುವ ದಾಸ್ತಾನು ಮೊದಲು ಕರಗುತ್ತದೆ.

ಇದರಲ್ಲಿ ಒಂದು ವಿಷವರ್ತುಲವೂ ಇದೆ. ಮಣ್ಣು ತೇವವಾಗಿದ್ದರೆ ಬಿಸಿಲಿನ ಶಕ್ತಿಯ ಬಹುಪಾಲು ನೀರನ್ನು ಆವಿ ಮಾಡುವುದಕ್ಕೆ ಹೋಗುತ್ತದೆ. ಒಣಗಿದ ಮೇಲೆ ಅದೇ ಶಕ್ತಿ ಗಾಳಿಯನ್ನು ಕಾಯಿಸುತ್ತದೆ, ಕಾದ ಗಾಳಿ ಮೇಲಿನ ರಿಡ್ಜನ್ನು ಇನ್ನಷ್ಟು ಉಬ್ಬಿಸುತ್ತದೆ, ರಿಡ್ಜ್ ಮೋಡವನ್ನು ಓಡಿಸುತ್ತದೆ. ಇದು ಜೋರಾಗಿ ಹಿಡಿದರೆ ಕೆಲವೇ ವಾರಗಳಲ್ಲಿ ಬೆಳೆ ಒಣಗುವ ದಿಢೀರ್ ಬರ ಕೂಡ ಬರುತ್ತದೆ.

ಮಳೆಯ ಅತಿರೇಕವನ್ನು ಯಾವ ಮಾನದಿಂದ ಅಳೆಯಬೇಕು?

ಏನನ್ನು ಕೇಳುತ್ತಿದ್ದೀರಿ ಎಂಬುದರ ಮೇಲೆ. ದಿಢೀರ್ ನೆರೆಗೆ ವರ್ಷದ ಅತಿ ಹೆಚ್ಚು ಒಂದು ದಿನದ ಮಳೆ, ದೊಡ್ಡ ನದಿಯ ನೆರೆಗೆ ಐದು ದಿನಗಳ ಒಟ್ಟು. ಒಣ ಅವಧಿಗೆ 1 ಮಿ.ಮೀ.ಗಿಂತ ಕಡಿಮೆ ಮಳೆಯಾದ ಸತತ ದಿನಗಳ ಎಣಿಕೆ.

ಎರಡೂ ದಿಕ್ಕಿಗೆ ಬರುವುದು ಎಸ್‌ಪಿಐ, ಪ್ರಮಾಣೀಕೃತ ಮಳೆ ಸೂಚ್ಯಂಕ. ಕನಿಷ್ಠ 30 ವರ್ಷದ ತಿಂಗಳವಾರು ಮಳೆ ತೆಗೆದುಕೊಳ್ಳಿ, ಅದೇ ತಿಂಗಳಿಗೆ ಗಾಮಾ ವಿತರಣೆ (ಮಳೆಯ ಅಂಕಿಗಳಿಗೆ ಹೊಂದುವ, ಒಂದು ಬದಿಗೆ ವಾಲಿದ ಗೆರೆ) ಹೊಂದಿಸಿ, ಸಾಮಾನ್ಯ ವಿತರಣೆಗೆ (ಗಂಟೆಯಾಕಾರದ ಗೆರೆ) ಬದಲಾಯಿಸಿ. ಮೈನಸ್ 2 ಅಥವಾ ಕೆಳಗೆ ತೀವ್ರಾತಿತೀವ್ರ ಒಣ, ಪ್ಲಸ್ 2 ಅಥವಾ ಮೇಲೆ ಅತಿ ಒದ್ದೆ. ಬೆಳೆಗೆ 3 ತಿಂಗಳ ಲೆಕ್ಕ, ಜಲಾಶಯಕ್ಕೆ 12 ತಿಂಗಳದ್ದು.

ಕೆಡುವುದು ಎರಡು ಕಡೆ. ಬೇಸಿಗೆಯಲ್ಲಿ ಮಳೆಯೇ ಬೀಳದ ಊರಿನಲ್ಲಿ ಸೊನ್ನೆಗಳ ರಾಶಿ ಇರುತ್ತದೆ, ಅಲ್ಲಿ 5 ಮಿ.ಮೀ. ಬಿದ್ದರೂ ಸೂಚ್ಯಂಕ ಆಕಾಶಕ್ಕೆ ನೆಗೆಯುತ್ತದೆ. ಇನ್ನೊಂದು, ಎಸ್‌ಪಿಐಗೆ ಉಷ್ಣಾಂಶದ ಗೊಡವೆಯಿಲ್ಲ. ಸೆಖೆಯಿಂದ ಒಣಗಿದ ನೆಲ ಅದಕ್ಕೆ ಕಾಣದು. ಆವಿಯ ಬೇಡಿಕೆಯನ್ನೂ ಸೇರಿಸುವ ಎಸ್‌ಪಿಇಐ ಬಳಸಿ.

ನಮ್ಮ ಪ್ರದೇಶದ ಭಾರೀ ಮಳೆಗೆ ಯಾವ ಪರಿಚಲನೆ ಕಾರಣ ಎಂದು ನಾವೇ ಪರಿಶೀಲಿಸಬಹುದೇ?

ಬಹುದು. ದತ್ತಾಂಶ ಉಚಿತವಾಗಿ ಸಿಗುತ್ತದೆ. ಕೆಲಸದ ಕ್ರಮ ಹೀಗಿರಲಿ.

ಮಳೆಯ ಅಂಕಿಗಳನ್ನು ಮಳೆಮಾಪಕಗಳಿಂದ ತೆಗೆದುಕೊಳ್ಳಿ. ಗಾಳಿ, ಒತ್ತಡ, ತೇವಾಂಶವನ್ನು ಇಆರ್‌ಎ5 ಮರುವಿಶ್ಲೇಷಣೆಯಿಂದ (ಹಿಂದಿನ ಅಳತೆಗಳನ್ನು ಕಂಪ್ಯೂಟರ್ ಮಾದರಿಗೆ ಉಣಿಸಿ ಅಂದಿನ ವಾತಾವರಣವನ್ನು ಮರುಕಟ್ಟಿದ ದತ್ತಾಂಶ) ತೆಗೆದುಕೊಳ್ಳಿ. ಅದು 1940ರಿಂದ ಗಂಟೆಗಂಟೆಗೂ, ಸುಮಾರು 31 ಕಿ.ಮೀ. ಚೌಕಗಳಲ್ಲಿ ಲಭ್ಯ. ಅದರ ಮಳೆಯನ್ನೇ ಅತಿರೇಕಕ್ಕೆ ಬಳಸಬೇಡಿ, ಶಿಖರಗಳನ್ನು ಅದು ಮೊಂಡು ಮಾಡುತ್ತದೆ. ಮಳೆ ಬಿದ್ದ ದಿನಗಳಲ್ಲಿ ಮೇಲಿನ ಶೇ. 5ನ್ನು ಆರಿಸಿ. ಬೆನ್ನುಬೆನ್ನಿಗೆ ಬಂದ ದಿನಗಳನ್ನು ಒಂದೇ ಘಟನೆ ಎಂದು ಎಣಿಸಿ. ಆ ದಿನಗಳ 500 ಹೆಕ್ಟೋಪ್ಯಾಸ್ಕಲ್ ಎತ್ತರ ಮತ್ತು ಐವಿಟಿ, ಎರಡರಲ್ಲೂ ಆಯಾ ದಿನದ ವಾಡಿಕೆಯನ್ನು ಕಳೆದು ಉಳಿದ ವ್ಯತ್ಯಾಸವನ್ನು ನಕ್ಷೆ ಮಾಡಿ. ಸರಾಸರಿ ತೆಗೆಯುವ ಮೊದಲು ಒಂದೊಂದು ನಕ್ಷೆಯನ್ನೂ ಕಣ್ಣಾರೆ ನೋಡಿ. ಇದನ್ನು ಯಾರೂ ಮಾಡುವುದಿಲ್ಲ, ಇದೇ ಎಲ್ಲಕ್ಕಿಂತ ಮುಖ್ಯ. ಅರ್ಧ ದಿನಗಳಲ್ಲಿ ಟ್ರಫ್ ಪಶ್ಚಿಮಕ್ಕೂ, ಉಳಿದರ್ಧ ದಿನಗಳಲ್ಲಿ ಪೂರ್ವದಲ್ಲೊಂದು ಚಂಡಮಾರುತವೂ ಇದ್ದರೆ, ಅವುಗಳ ಸರಾಸರಿ ಯಾವ ದಿನವೂ ಆಕಾಶದಲ್ಲಿ ಇಲ್ಲದ ಒಂದು ಚಿತ್ರವನ್ನು ಕೊಡುತ್ತದೆ.

ದಿನಾಂಕದ ಬಲೆಯೊಂದಿದೆ. ಮಳೆಮಾಪಕವನ್ನು ಹೆಚ್ಚಾಗಿ ಓದುವುದು ಬೆಳಿಗ್ಗೆ. 15ನೇ ತಾರೀಖಿನ ಬೆಳಿಗ್ಗೆಯ ಅಂಕಿಯಲ್ಲಿ ಇರುವುದು ಬಹುಪಾಲು 14ರ ಮಳೆ. ಮರುವಿಶ್ಲೇಷಣೆಯ ದಿನ ಮಾತ್ರ ವಿಶ್ವಸಮಯದ ಮಧ್ಯರಾತ್ರಿಗೆ ಶುರುವಾಗುತ್ತದೆ. ಹೊಂದಿಸದಿದ್ದರೆ ಮಳೆ ಸುರಿದುಹೋದ ಮೇಲಿನ ಆಕಾಶವನ್ನು ಕಾರಣ ಎಂದು ತೋರಿಸಿಬಿಡುತ್ತೀರಿ.

ಕೊನೆಯದು ತರ್ಕದ ಬಲೆ. ಉದಾಹರಣೆಗೆ, 40 ಭಾರೀ ಮಳೆಯ ದಿನಗಳಲ್ಲಿ 32ರಲ್ಲಿ ಟ್ರಫ್ ಇತ್ತು ಎನ್ನಿ. ಶೇ. 80, ಭರ್ಜರಿ ಸಂಬಂಧ ಎನಿಸುತ್ತದೆ. ಆದರೆ ಅದೇ ಅವಧಿಯಲ್ಲಿ ಟ್ರಫ್ ಇದ್ದ ದಿನಗಳು ಒಟ್ಟು 400 ಆಗಿದ್ದರೆ? ಟ್ರಫ್ ಕಂಡಾಗ ಭಾರೀ ಮಳೆಯಾಗುವ ಸಾಧ್ಯತೆ ಶೇ. 8 ಮಾತ್ರ. ಎರಡೂ ಸತ್ಯ. ಮುನ್ನೆಚ್ಚರಿಕೆ ಕೊಡುವವರಿಗೆ ಬೇಕಾದದ್ದು ಎರಡನೆಯದು.

ನೂರು ವರ್ಷಕ್ಕೊಮ್ಮೆ ಬರುವ ಮಳೆ ಈಗಷ್ಟೇ ಬಂತು. ಇನ್ನು ನಿಶ್ಚಿಂತೆಯೇ?

ಅಲ್ಲ. ಪ್ರತಿ ವರ್ಷವೂ ಶೇ. 1 ಸಾಧ್ಯತೆ ಎಂಬುದು ಅದರ ಅರ್ಥ. 30 ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಶೇ. 26. ನಿಂತ ಪರಿಚಲನೆ ಒಂದೇ ಋತುವಿನಲ್ಲಿ ಎರಡು ಸಲ ತರುವುದೂ ಉಂಟು, ಏಕೆಂದರೆ ಅಂಥ ಘಟನೆಗಳು ಗುಂಪುಗುಂಪಾಗಿ ಬರುತ್ತವೆ.

ಜಾಗತಿಕ ತಾಪಮಾನ ಏರಿಕೆಯಿಂದ ಪರಿಚಲನೆಯೇ ಬದಲಾಗುತ್ತಿದೆಯೇ?

ಎರಡು ಪ್ರಶ್ನೆಗಳನ್ನು ಬೇರೆ ಮಾಡಬೇಕು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7 ಹೆಚ್ಚು ನೀರಾವಿ ಹಿಡಿಯಬಲ್ಲದು. ಇದು ಭೌತಶಾಸ್ತ್ರ, ಇದರಲ್ಲಿ ವಾದವಿಲ್ಲ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ 2021ರ ವರದಿಯ ಪ್ರಕಾರ, ಹಿಂದೆ ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದ ಒಂದು ದಿನದ ಭಾರೀ ಮಳೆ ಒಂದು ಡಿಗ್ರಿ ಏರಿಕೆಗೆ 1.3 ಪಟ್ಟು, ನಾಲ್ಕು ಡಿಗ್ರಿಗೆ 2.7 ಪಟ್ಟು ಪದೇ ಪದೇ ಬರುತ್ತದೆ.

ಹರಿವು ಎಲ್ಲಿ ನಿಲ್ಲುತ್ತದೆ, ಜೆಟ್ ಎಷ್ಟು ಬಳುಕುತ್ತದೆ ಎಂಬ ವಿಷಯದಲ್ಲಿ ಮಾದರಿಗಳು ಪರಸ್ಪರ ಒಪ್ಪುವುದು ಕಡಿಮೆ. ಹ್ಯಾಡ್ಲಿ ಕೋಶದ ಅಂಚು ಧ್ರುವಗಳ ಕಡೆ ಸರಿಯುತ್ತಿರುವುದು ಮಾತ್ರ ಸಾಕಷ್ಟು ಸ್ಪಷ್ಟ. ಯಾವುದೋ ಒಂದು ನೆರೆಯಾದ ಮರುದಿನವೇ ಜೆಟ್ ಕೆಟ್ಟುಹೋಗಿದೆ ಎಂದು ಬರೆಯುವವರ ಮಾತನ್ನು ಅರ್ಧಕ್ಕೇ ನಿಲ್ಲಿಸಿ. ತೇವ ಹೆಚ್ಚಿದೆ ಎಂಬ ಭಾಗ ಗಟ್ಟಿ, ಜೆಟ್‌ನ ಭಾಗ ಇನ್ನೂ ಮೆದು.

ಇಂಥ ಮಳೆಯನ್ನು ಎಷ್ಟು ದಿನ ಮೊದಲು ಹೇಳಬಹುದು?

ರಿಡ್ಜ್, ಟ್ರಫ್‌ಗಳ ದೊಡ್ಡ ವಿನ್ಯಾಸವನ್ನು ಏಳರಿಂದ ಹತ್ತು ದಿನ ಮೊದಲು. ಆಂದೋಲನಗಳ ಬಲ ಚೆನ್ನಾಗಿದ್ದರೆ ಮಳೆ ವಾಡಿಕೆಗಿಂತ ಹೆಚ್ಚೋ ಕಡಿಮೆಯೋ ಎಂಬುದನ್ನು ಮೂರು-ನಾಲ್ಕು ವಾರ ಮೊದಲು. ಎಲ್ ನಿನೊ, ಲಾ ನಿನಾಗಳನ್ನು ತಿಂಗಳುಗಟ್ಟಲೆ ಮೊದಲು, ಆದರೆ ಮಾರ್ಚ್‌ನಿಂದ ಮೇವರೆಗೆ ಮಾಡಿದ ಮುನ್ಸೂಚನೆ ಹೆಚ್ಚು ಎಡವುತ್ತದೆ. ಯಾವ ಬಡಾವಣೆ ಮುಳುಗುತ್ತದೆ ಎಂಬುದನ್ನು ಕೆಲವೇ ಗಂಟೆ ಮೊದಲು. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿದಾಗ ಅದೇ ನಗರದ ಕೊಲಾಬಾದಲ್ಲಿ ಬಿದ್ದದ್ದು 73 ಮಿ.ಮೀ. ಇಆರ್‌ಎ5ನ ಒಂದೇ ಒಂದು ಚೌಕದೊಳಗೆ ಎರಡೂ ಹಿಡಿಸುವಷ್ಟು ಹತ್ತಿರದ ಜಾಗಗಳು ಅವು.

ಒಂದೇ ಊರಿಗೆ ಬರದ ಬೆನ್ನಿಗೇ ನೆರೆ ಬರಬಹುದೇ?

ಬರುತ್ತದೆ. ಕ್ಯಾಲಿಫೋರ್ನಿಯಾ 2020ರಿಂದ ಸತತ ಮೂರು ವರ್ಷ ಒಣಗಿತ್ತು. 2022ರ ಡಿಸೆಂಬರ್ 26ರಿಂದ 2023ರ ಜನವರಿ 17ರವರೆಗೆ, ಮೂರೇ ವಾರದಲ್ಲಿ, ಒಂದರ ಹಿಂದೊಂದು ಒಂಬತ್ತು ವಾತಾವರಣದ ನದಿಗಳು ಬಂದವು. ಆ ಚಳಿಗಾಲ ಪೆಸಿಫಿಕ್‌ನಲ್ಲಿ ಇದ್ದದ್ದು ಲಾ ನಿನಾ. ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಮಳೆ ಕಡಿಮೆ ಎಂದು ಸೂಚಿಸುವ ಹಂತ ಅದು.